ಅಕ್ಕ ಅಲುಗಿದ ಫೋಟೊ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಗೋಡೆಗಳ ಮೇಲೆ ಬಸವಕಲ್ಯಾಣದ ಅರ್ಧ ಊರೇ ಇತ್ತು. ರುಮಾಲು ಸುತ್ತಿದ ಗೌಡರು, ಶೇರ್ವಾನಿ ತೊಟ್ಟ ಮದುಮಗ, ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡ ಶಾಲೆಯ ಮಕ್ಕಳು, ಕುರ್ಚಿಯ ತುದಿಯಲ್ಲಿ ಕುಳಿತು ಹೆದರಿದ ಕಣ್ಣು ಬಿಡುತ್ತಿದ್ದ ಅಜ್ಜಿಯರು. ನಮ್ಮ ಮನೆಯವರ ಮುಖ ಮಾತ್ರ ಅಲ್ಲಿ ಒಂದೂ ಇರಲಿಲ್ಲ. ಅಪ್ಪ ಫೋಟೊಗ್ರಾಫರ್. ಕೋಟೆಯ ಕಡೆ ಹೋಗುವ ಓಣಿಯಲ್ಲಿ ಮುಂದೆ ಸ್ಟುಡಿಯೊ, ಹಿಂದೆ ಮನೆ. ನಾನು ಮಾತು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವ್ವನ ಫೋಟೊ ಯಾಕಿಲ್ಲ ಎಂದು ಕೇಳಿದಾಗಲೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ. "ಮನ್ಯಾಗೇ ಇರ್ತಾಳಲ್ಲ, ನಾಳಿ ತೆಗದ್ರಾತು ಅಂದೆ."

ಮಕ್ಕಳೇ, ನಮ್ಮ ಪಡಸಾಲೆಯಲ್ಲಿ ತೂಗುಹಾಕಿರುವ ಹಳೆಯ ಫೋಟೊ ತೋರಿಸಿ "ಅಜ್ಜಾ, ಇವರಿಬ್ಬರ ನಡುವೆ ಇರುವ ಹೊಗೆ ಏನು?" ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. "ಹಳೆಯದಲ್ಲವಾ, ಕೆಟ್ಟುಹೋಗಿದೆ" ಎಂದು ನಾನು ಅಷ್ಟೇ ಸಲ ಜಾರಿಕೊಂಡಿದ್ದೇನೆ. ಅದು ಸುಳ್ಳು. ಆ ಫೋಟೊ ಕೆಟ್ಟಿಲ್ಲ. ಆ ಹೊಗೆ ನನ್ನ ಅಕ್ಕ. ಅವಳನ್ನು ಹಾಗೆ ಮಾಡಿದವನು ನಾನು.

ಅವ್ವನಿಲ್ಲದ ಮನೆಯಲ್ಲಿ ನನಗೆ ಎಲ್ಲವೂ ಅಕ್ಕನೇ ಆಗಿದ್ದಳು. ಬೆಳಿಗ್ಗೆ ಅವಳು ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿತ್ತು. ರೊಟ್ಟಿ ಬಡಿದು, ನನ್ನ ತಲೆ ಬಾಚಿ, ಶಾಲೆಗೆ ಕಳಿಸಿ, ಆಮೇಲೆ ಅವಳು ಅಪ್ಪನ ಕೆಲಸಕ್ಕೆ ಕೈ ಹಚ್ಚುತ್ತಿದ್ದಳು. ಅಪ್ಪ ಮಾತು ಕಡಿಮೆಯ ಮನುಷ್ಯ. ದಿನದ ಹೆಚ್ಚು ಹೊತ್ತು ಕತ್ತಲ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಮೂಗು ಸುಡುವ ಹುಳಿ ವಾಸನೆಯ ನಡುವೆ ಇರುತ್ತಿದ್ದ. ಅಲ್ಲಿಂದ ಹಸಿ ಫೋಟೊಗಳು ಹೊರಗೆ ಬರುತ್ತಿದ್ದವು. ಅಕ್ಕ ಅವನ್ನು ತೊಳೆದು ಅಂಗಳದ ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. ಒಂದೇ ಹಗ್ಗದ ಮೇಲೆ ಈ ಕಡೆ ನಮ್ಮ ಬಟ್ಟೆ, ಆ ಕಡೆ ಊರಿನವರ ಮುಖ.

"ನೋಡೋ, ಗೌಡ್ರು ನಿನ್ನ ಚಡ್ಡಿ ಬಾಜೂಕ ಹ್ಯಾಂಗ ಜೋತಾಡಾಕತ್ತಾರ!" ಎಂದು ಅಕ್ಕ ನಗುತ್ತಿದ್ದಳು. ಆ ಮನೆಯಲ್ಲಿ ನಗು ಎಂಬುದೇನಾದರೂ ಇದ್ದರೆ ಅದು ಅವಳದು.

ಅಪ್ಪನ ಹತ್ತಿರ ಹೈದರಾಬಾದಿನಲ್ಲಿ ಕೊಂಡ ಒಂದು ಕ್ಯಾಮೆರಾ ಇತ್ತು. ಒಂದರ ಮೇಲೊಂದು ಎರಡು ಗಾಜಿನ ಕಣ್ಣು. ಮೇಲಿನದರಿಂದ ನಾವು ನೋಡುವುದು, ಕೆಳಗಿನದರಿಂದ ಕ್ಯಾಮೆರಾ ನೋಡುವುದು. ಕೆಳಗಿನ ಕಣ್ಣಿನ ಸುತ್ತ ಬಳೆಯಂಥ ಎರಡು ಉಂಗುರಗಳಿದ್ದವು. ಒಂದನ್ನು ತಿರುಗಿಸಿದರೆ ಕಣ್ಣಿನ ತೂತು ಹಿರಿದಾಗುತ್ತಿತ್ತು ಇಲ್ಲವೇ ಕಿರಿದಾಗುತ್ತಿತ್ತು. ಇನ್ನೊಂದರ ಮೇಲೆ ಅಂಕಿಗಳು. ಕಣ್ಣು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಆ ಅಂಕಿ ಹೇಳುತ್ತಿತ್ತು. ಅಂಕಿ ದೊಡ್ಡದಾದಷ್ಟೂ ಹೊತ್ತು ಚಿಕ್ಕದು. ಇನ್ನೂರೈವತ್ತು ಅಂದರೆ ಒಂದು ಸೆಕೆಂಡನ್ನು ಇನ್ನೂರೈವತ್ತು ಚೂರು ಮಾಡಿ ಅದರಲ್ಲಿ ಒಂದೇ ಚೂರು. ಓಡುವ ಕುದುರೆಯ ಗೊರಸು ಅಲ್ಲಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಇಪ್ಪತ್ತೈದು ಅಂದರೆ ನಿಧಾನ. ಕುಳಿತವರು ಉಸಿರು ಬಿಗಿ ಹಿಡಿಯಬೇಕು. ಎಲ್ಲಕ್ಕೂ ಕೊನೆಯಲ್ಲಿ ಇಂಗ್ಲಿಷಿನ ಬಿ ಅಕ್ಷರ. ಉಂಗುರವನ್ನು ಅಲ್ಲಿಟ್ಟರೆ, ಕ್ಯಾಮೆರಾಕ್ಕೆ ಸಿಕ್ಕಿಸಿದ ತಂತಿಯ ತುದಿಯನ್ನು ನೀವು ಒತ್ತಿ ಹಿಡಿದಷ್ಟು ಹೊತ್ತೂ ಕಣ್ಣು ತೆರೆದೇ ಇರುತ್ತಿತ್ತು. ಬೆರಳು ಬಿಟ್ಟಾಗಲೇ ಅದು ಮುಚ್ಚುವುದು.

ಎರಡು ಉಂಗುರ ಯಾಕೆ ಬೇಕು ಎಂದು ಕೇಳಿದ್ದೆ. ಅಪ್ಪ ನನ್ನನ್ನು ಬಚ್ಚಲಿನ ಹತ್ತಿರ ಕರೆದುಕೊಂಡು ಹೋಗಿ ಖಾಲಿ ಕೊಡ ತೋರಿಸಿದ.

"ಕೊಡ ತುಂಬಬೇಕು, ಅಷ್ಟ. ಚರಿಗಿಲೆ ತುಂಬತೀಯೋ, ಬಕೆಟ್ಲೆ ತುಂಬತೀಯೋ? ಬಕೆಟ್ ಆದ್ರ ಜಲ್ದಿ, ಚರಿಗಿ ಆದ್ರ ಹೊತ್ತು ಹೆಚ್ಚು. ಬೆಳಕೂ ಹಂಗ. ತೂತು ಸಣ್ಣದು ಮಾಡಿದ್ರ ಕಣ್ಣು ಭಾಳ ಹೊತ್ತು ತೆರದಿಡಬೇಕು. ತೂತು ದೊಡ್ಡದಿಟ್ಟು ಭಾಳ ಹೊತ್ತು ತೆರದಿಟ್ರ ಕೊಡ ತುಂಬಿ ಹೊರಗ ಚೆಲ್ತದ, ನೆಗೆಟಿವ್ ಸುಟ್ಟು ಕರ್ರಗ ಆಗ್ತದ."

ಮಕ್ಕಳೇ, ಈ ಕೊಡದ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಒಂದು ದಿನ ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ನಾರಾಯಣಪುರಕ್ಕೆ ಹೋದ. ಅಲ್ಲಿಯ ಹಳೆಯ ಶಿವಾಲಯದ ಫೋಟೊ ಯಾರಿಗೋ ಬೇಕಾಗಿತ್ತು. ಹೊತ್ತು ಇಳಿಯುತ್ತಿತ್ತು. ಕೆತ್ತಿದ ಕಂಬಗಳ ನಡುವೆ ಕತ್ತಲು ತುಂಬಿಕೊಳ್ಳುತ್ತಿತ್ತು, ಬಾವಲಿಯ ವಾಸನೆ ಬರುತ್ತಿತ್ತು. ಅಪ್ಪ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತೂತನ್ನು ಎಲ್ಲಕ್ಕಿಂತ ಸಣ್ಣದು ಮಾಡಿ, ಇನ್ನೊಂದು ಉಂಗುರವನ್ನು ಬಿ ಅಕ್ಷರಕ್ಕೆ ತಂದು, ತಂತಿ ಒತ್ತಿ ಹಿಡಿದು ಎಣಿಸತೊಡಗಿದ. "ಒಂದು ಬಸವಾ... ಎರಡು ಬಸವಾ..." ಗಡಿಯಾರ ನೋಡದೆ ಸೆಕೆಂಡು ಎಣಿಸುವ ಅವನ ಲೆಕ್ಕ ಅದು. ಸಾವಕಾಶ ಒಮ್ಮೆ ಬಸವಾ ಎನ್ನುವುದರೊಳಗೆ ಒಂದು ಸೆಕೆಂಡು ಕಳೆಯುತ್ತದೆ. ಅವನು ಹೀಗೆ ಎಣಿಸುತ್ತಿರುವಾಗ ನೀರು ತರುವ ಹೆಂಗಸರು ಗುಡಿಯ ಮುಂದೆ ಹಾದುಹೋದರು. ಫೋಟೊದಲ್ಲಿ ಬರುವ ಆಸೆಗೆ ನಾನೂ ಕ್ಯಾಮೆರಾದ ಮುಂದೆ ಈ ಕಡೆಯಿಂದ ಆ ಕಡೆಗೆ ಓಡಿದೆ. ಅಪ್ಪ ನಕ್ಕ, ತಡೆಯಲಿಲ್ಲ.

ಮರುದಿನ ಫೋಟೊ ನೋಡಿದರೆ ಹೆಂಗಸರಿಲ್ಲ. ನಾನೂ ಇಲ್ಲ! ಕಂಬಗಳಿದ್ದವು, ಕಟ್ಟೆಯ ಮೇಲೆ ಕೋಲು ಹಿಡಿದು ಕುಳಿತಿದ್ದ ಮುದುಕನೊಬ್ಬ ಇದ್ದ. ನಾನು ಅಲ್ಲಿಗೆ ಹೋಗಿಯೇ ಇರಲಿಲ್ಲವೇನೋ ಅನ್ನಿಸಿತು.

"ನಾ ಎಲ್ಲಿ ಹೋದೆ ಅಪ್ಪಾ?"

"ಎಲ್ಲೂ ಹೋಗಿಲ್ಲೋ. ನಿಂದರಲಿಲ್ಲ ಅಷ್ಟ. ಕಣ್ಣು ನಿಧಾನ ಇದ್ದಾಗ ಅಲುಗಿದವರು ಅಳಸಿ ಹೋಗ್ತಾರ, ನಿಂತಂವ ಉಳಿತಾನ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅದರ ಮುಂದಿನ ಬೇಸಿಗೆಯಲ್ಲಿ ಅಕ್ಕನ ಲಗ್ನವಾಯಿತು. ಹುಡುಗ ಹುಮನಾಬಾದಿನವನು, ಮನೆಯಲ್ಲಿ ಕಾಳುಕಡಿಯ ಅಂಗಡಿ. ಲಗ್ನದ ದಿನ ಅಪ್ಪ ಹೆಣ್ಣಿನ ತಂದೆಯಾಗಿ ನಿಂತಿದ್ದ, ಕ್ಯಾಮೆರಾ ಮುಟ್ಟಲು ಪುರುಸೊತ್ತಾಗಲಿಲ್ಲ. "ಕಳಸೂ ದಿನ ತೆಗಿತೀನಿ" ಅಂದ. ಮತ್ತೆ ನಾಳೆಯ ಮಾತೇ. ಲಗ್ನದ ನಂತರ ಅಕ್ಕ ಕೆಲವು ದಿನ ನಮ್ಮಲ್ಲೇ ಇದ್ದಳು. ಹಾಗಾಗಿ ಏನೂ ಬದಲಾಗಿಲ್ಲ, ಅವಳು ಇಲ್ಲಿಯೇ ಇರುತ್ತಾಳೆ ಎಂದು ನಾನು ನಂಬಿಕೊಂಡಿದ್ದೆ. ಒಂದು ಬೆಳಿಗ್ಗೆ ಭಾವ ಬಂದ.

ಭಾವ ಕೆಟ್ಟವನಲ್ಲ. ಆದರೆ ಕೂತಲ್ಲಿ ಕೂಡುವವನಲ್ಲ. ಮೊಣಕಾಲು ಕುಣಿಸುತ್ತಿದ್ದ, ಮೀಸೆ ತಿರುವುತ್ತಿದ್ದ, ನಡುನಡುವೆ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದ. ಬಂದವನೇ ನನ್ನ ಕಿವಿ ಹಿಡಿದು, ಹೆಂಡತಿಯ ತಮ್ಮನನ್ನು ನಮ್ಮ ಕಡೆ ಚೇಷ್ಟೆಗೆ ಕರೆಯುವ ಹಾಗೆ, "ಏನ್ರಿ ಸಾಲೇಸಾಹೇಬ್ರ, ನಿಮ್ಮಕ್ಕನ್ನ ಒಯ್ಯಾಕ ಬಂದೀನಿ. ನಿಮ್ಮ ಪರವಾನಗಿ ಅದ ಏನು?" ಅಂದ. ಎಲ್ಲರೂ ನಕ್ಕರು. ನನ್ನನ್ನು ಯಾರೂ ನಿಜವಾಗಿ ಕೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕನೂ ನಕ್ಕಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಪಡಸಾಲೆಯಲ್ಲಿ ಪಕ್ಕದ ಮನೆಯ ಕಾಕು ಅಕ್ಕನ ಉಡಿ ತುಂಬುತ್ತಿದ್ದಳು. ಮಗಳನ್ನು ಕಳಿಸುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಕುಪ್ಪಸದ ಬಟ್ಟೆ ಹಾಕುವುದು ನಮ್ಮ ಕಡೆಯ ಪದ್ಧತಿ. ಅವ್ವ ಮಾಡಬೇಕಾದ ಕೆಲಸ ಅದು. ಅಪ್ಪ ಕ್ಯಾಮೆರಾ ತಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಮಾಳಿಗೆಯ ಬೆಳಕಿಂಡಿಯಿಂದಲೂ ಕಿಟಕಿಯಿಂದಲೂ ಬರುತ್ತಿದ್ದ ಬೆಳಕನ್ನು ಕಣ್ಣು ಕಿರಿದು ಮಾಡಿ ನೋಡಿ ಉಂಗುರಗಳನ್ನು ತಿರುಗಿಸಿದ. ಇಪ್ಪತ್ತೈದು.

ಆಗ ಅಕ್ಕ ಹಟ ಹಿಡಿದಳು. "ನೀನೂ ಕೂಡು ಅಪ್ಪಾ. ಊರ ಮಂದಿ ಫೋಟೊ ಎಲ್ಲಾ ತೆಗೀತಿ, ನಿಂದು ಒಂದರ ಅದ ಏನು?"

"ನಾ ಕೂತ್ರ ಒತ್ತೋರು ಯಾರವ್ವ?"

"ಇವನಿದಾನಲ್ಲ! ಇವಗೆಲ್ಲಾ ಬರ್ತದ." ಅಕ್ಕ ಹೆಮ್ಮೆಯಿಂದ ನನ್ನ ಕಡೆ ನೋಡಿದಳು.

ಅಪ್ಪ ನನ್ನ ಕೈಗೆ ತಂತಿ ಕೊಟ್ಟು ತನ್ನ ಕರಿ ಕೋಟು ತರಲು ಒಳಗೆ ಹೋದ. ಅವರು ಮೂವರೂ ಫೋಟೊದ ಒಳಗೆ, ನಾನೊಬ್ಬನೇ ಹೊರಗೆ. ಭಾವ ಕುರ್ಚಿಯ ಮೇಲೆ ಕುಳಿತು ಎರಡೂ ಮೊಣಕಾಲು ಕುಣಿಸುತ್ತಿದ್ದ. ಅದನ್ನು ನೋಡುತ್ತಿದ್ದಂತೆ ನನಗೆ ನಾರಾಯಣಪುರ ನೆನಪಾಯಿತು. ಕಣ್ಣು ನಿಧಾನ ಇದ್ದಾಗ ಅಲುಗಿದವರು ಅಳಿಸಿ ಹೋಗುತ್ತಾರೆ. ಅಕ್ಕ ಅಲುಗುವವಳಲ್ಲ, ಸ್ಟುಡಿಯೊದಲ್ಲಿ ಬೆಳೆದವಳು. ಅಪ್ಪನಂತೂ ಸರಿಯೇ ಸರಿ. ಹಾಗಾದರೆ ಅಳಿಸಿ ಹೋಗುವವನು ಒಬ್ಬನೇ. ಫೋಟೊದಲ್ಲಿ ಅಪ್ಪ, ಅಕ್ಕ ಇಬ್ಬರೇ ಉಳಿಯುತ್ತಾರೆ. ಭಾವ ಬಂದೇ ಇರಲಿಲ್ಲ ಎಂಬಂತೆ.

ಹತ್ತು ವರ್ಷದ ಹುಡುಗನ ಬುದ್ಧಿ ಎಂದು ನೀವು ನಗಬಹುದು. ಆದರೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ. ಕ್ಯಾಮೆರಾದ ಗಾಜು ಒರೆಸುವವನ ಹಾಗೆ ಮುಂದೆ ಬಗ್ಗಿ ಒಂದು ಉಂಗುರವನ್ನು ಬಿ ಅಕ್ಷರಕ್ಕೆ ತಿರುಗಿಸಿದೆ. ಕೊಡದ ಮಾತು ನೆನಪಿಟ್ಟುಕೊಂಡು ಇನ್ನೊಂದು ಉಂಗುರದಿಂದ ತೂತನ್ನೂ ಸಣ್ಣದು ಮಾಡಿದೆ. ಕಾಕು ಅಕ್ಕಿ ಹಾಕುವುದರಲ್ಲಿದ್ದಳು, ಭಾವ ಬಾಗಿಲ ಕಡೆ ನೋಡುತ್ತಿದ್ದ. ಯಾರೂ ನನ್ನನ್ನು ಗಮನಿಸಲಿಲ್ಲ.

ಅಪ್ಪ ಬಂದು ಕುಳಿತ. ನಡುವೆ ಅಕ್ಕ, ಎರಡೂ ಕೈಯಲ್ಲಿ ಉಡಿ ಹಿಡಿದು ನಿಂತಳು. "ನೀ ಕಿಟಕಿ ಕಡೆ ನೋಡವ್ವ, ಮಾರಿ ಮ್ಯಾಲ ಬೆಳಕು ಬೀಳ್ತದ" ಎಂದು ಅಪ್ಪ ಹೇಳಿದ. ಆಮೇಲೆ ಅಳಿಯನ ಕಡೆ ತಿರುಗಿ, "ಅಳಿಯಂದ್ರ, ಜರಾ ಉಸಿರು ಹಿಡೀರಿ" ಅಂದ.

ಪಾಪ, ಭಾವ ಜನ್ಮದಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಕುಳಿತಿದ್ದ. ಉಸಿರು ಹಿಡಿಯಿರಿ ಎಂದದ್ದೇ ತಡ, ಅವನ ಮೊಣಕಾಲು ನಿಂತವು, ಮೀಸೆ ನಿಂತಿತು, ಕಣ್ಣೂ ನಿಂತವು. ಕಲ್ಲಿನ ನಂದಿಯ ಹಾಗೆ ಕುಳಿತುಬಿಟ್ಟ.

ನಾನು ತಂತಿ ಒತ್ತಿದೆ. ಕಟ್. ಕಣ್ಣು ತೆರೆಯಿತು. ಹೆಬ್ಬೆರಳನ್ನು ಬಿಡದೆ ಹಿಡಿದೆ. ಒಂದು ಬಸವಾ, ಎಂದು ಮನಸ್ಸಿನಲ್ಲೇ ಎಣಿಸುವಷ್ಟರಲ್ಲಿ ಅಕ್ಕನ ಕೊರಳು ಅಲುಗಿತು. ಕಿಟಕಿಯ ಕಡೆ ಇದ್ದ ಮುಖ ನನ್ನ ಕಡೆಗೆ ತಿರುಗಿತು. ಉಡಿಯ ಅಕ್ಕಿ ನಾಲ್ಕು ಕಾಳು ನೆಲಕ್ಕೆ ಉದುರಿದವು. ನಾನು ಗಾಬರಿಯಾಗಿ ಬೆರಳು ಬಿಟ್ಟೆ. ಕಟ್.

"ಆತೇನೋ?" ಅಪ್ಪ ಕೇಳಿದ.

"ಆತು."

ಒಬ್ಬರಿಗೆ ಒಂದೇ ಸಲ ಒತ್ತುವುದು ಅಪ್ಪನ ನಿಯಮ. ಎರಡನೆಯದು ತೆಗೆದರೆ ಮೊದಲನೆಯದರ ಮೇಲೆ ನಂಬಿಕೆ ಇಲ್ಲವೆಂದು ಅರ್ಥ ಎನ್ನುತ್ತಿದ್ದ. ಅಷ್ಟರಲ್ಲಿ ಭಾವನಿಗೆ ಮತ್ತೆ ಜೀವ ಬಂದು, "ಬಸ್ ಹೋಗ್ತದ್ರಿ, ಬಸ್ ಹೋಗ್ತದ" ಎಂದು ಗಡಬಡಿಸಿದ. ಆ ಗದ್ದಲದಲ್ಲಿ ನಾನು ಎರಡೂ ಉಂಗುರಗಳನ್ನು ಅಪ್ಪ ಇಟ್ಟಿದ್ದ ಜಾಗಕ್ಕೆ ತಿರುಗಿಸಿಬಿಟ್ಟೆ. ಬಸ್ಸಿನ ಕಿಟಕಿಯಿಂದ ಅಕ್ಕ ನನ್ನ ಗಲ್ಲ ಹಿಡಿದು ಏನೋ ಹೇಳಿದಳು. ಎಂಜಿನ್ನಿನ ಸದ್ದಿಗೆ ನನಗೆ ಕೇಳಲಿಲ್ಲ.

ಆ ಸಂಜೆ ಮನೆ ಎಷ್ಟು ದೊಡ್ಡದಿತ್ತು ಎಂದು ನನಗೆ ಮೊದಲ ಸಲ ಗೊತ್ತಾಯಿತು. ಒಲೆ ತಣ್ಣಗಿತ್ತು. ಅಂಗಳದ ಹಗ್ಗ ಖಾಲಿ. ಪಡಸಾಲೆಯಲ್ಲಿ ಉದುರಿದ್ದ ಅಕ್ಕಿಕಾಳುಗಳನ್ನು ಇರುವೆಗಳು ಎಳೆದುಕೊಂಡು ಹೋಗುತ್ತಿದ್ದವು. ಅಪ್ಪ ಕತ್ತಲ ಕೋಣೆಯಿಂದ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಅವನ ಕೈಯಲ್ಲಿ ನೀರು ತೊಟ್ಟಿಕ್ಕುವ ಫೋಟೊ ಇತ್ತು. ಅಪ್ಪ ಅದರಲ್ಲಿ ಸ್ವಚ್ಛವಾಗಿ ಬಂದಿದ್ದ. ಭಾವ ಮೀಸೆಯ ಕೂದಲು ಎಣಿಸುವ ಹಾಗೆ ಬಂದಿದ್ದ. ಇಬ್ಬರ ನಡುವೆ ಸೀರೆ ಇತ್ತು, ಉಡಿ ಇತ್ತು. ಮುಖ ಇರಬೇಕಾದ ಜಾಗದಲ್ಲಿ ಹೊಗೆ. ನಾನು ಉಳಿಸಿಕೊಳ್ಳಬೇಕೆಂದವಳು ಅಳಿಸಿಹೋಗಿದ್ದಳು, ಅಳಿಸಬೇಕೆಂದವನು ಉಳಿದುಕೊಂಡಿದ್ದ.

ಅಪ್ಪ ನನ್ನ ಮುಖ ನೋಡಿದ. ಫೋಟೊವನ್ನು ಹಗ್ಗಕ್ಕೆ ಸಿಕ್ಕಿಸಿ, ಇಬ್ಬರಿಗೂ ಅನ್ನಕ್ಕೆ ಇಟ್ಟ. ಅನ್ನ ತಳ ಹಿಡಿದಿತ್ತು.

ಮಳೆ ಬಿದ್ದು ತೊಗರಿ ಮೊಳಕೆಯೊಡೆದ ಮೇಲೆ ನಾವು ಹುಮನಾಬಾದಿಗೆ ಹೋದೆವು. ಅಕ್ಕನ ಮನೆ ದೊಡ್ಡ ರಸ್ತೆಯ ಪಕ್ಕದಲ್ಲೇ ಇತ್ತು. ಹೈದರಾಬಾದಿಗೆ ಹೋಗುವ ಲಾರಿಗಳು ಹಾಯುವಾಗ ಕಪಾಟಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಫೋಟೊ ತಂದಿರೇನು ಎಂದು ಅಕ್ಕನ ಅತ್ತೆ ಕೇಳಿದಳು. ನೆರೆಯ ಹೆಂಗಸರನ್ನೂ ಕರೆದಿದ್ದಳು, ಫೋಟೊಗ್ರಾಫರನ ಮಗಳನ್ನು ತಂದ ಮನೆ ಅದು. ಅಪ್ಪ ಹಿಂಜರಿಯುತ್ತ ಚೀಲದಿಂದ ತೆಗೆದುಕೊಟ್ಟ. ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು.

"ಇದೇನ್ರಿ ಬೀಗರ, ನಮ್ಮ ಸೊಸಿ ಎಲ್ಲಿ? ಲಗ್ನದಾಗ ಹುಡುಗಿ ಕೊಟ್ರಿ, ಫೋಟೊದಾಗ ಹೊಗಿ ಕೊಟ್ಟೀರಿ!"

ಹೆಂಗಸರು ಸೆರಗಿನಲ್ಲಿ ನಕ್ಕರು. ಭಾವ ಇಣುಕಿ ನೋಡಿ, "ನಾ ಮಾತ್ರ ಬರಾಬರ್ ಬಂದೀನಿ ನೋಡವ್ವ" ಎಂದು ಮೀಸೆ ಮುಟ್ಟಿಕೊಂಡ. ಅವನ ಅವ್ವ ಅವನ ಕಡೆ ಕಣ್ಣು ಕೆಕ್ಕರಿಸಿದಳು. "ನಿನ್ನ ಮೀಸಿ ಯಾರು ಕೇಳ್ಯಾರೋ? ಒಂದು ಗಳಿಗಿ ಸುಮ್ಕ ನಿಂದರಾಕ ಬರಲಾರದಾಕಿ ಮನ್ಯಾಗ ಹ್ಯಾಂಗ ನಿಂದರ್ತಾಳಂತ ನಾ ಕೇಳಾಕತ್ತೀನಿ."

ಅಕ್ಕ ನೀರಿನ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗು. "ಹೌದ್ರಿ ಅತ್ತಿ, ನಾನೇ ಅಲುಗಾಡಿದೆ" ಅಂದಳು.

"ಇಲ್ರಿ ಬೀಗತೆರ, ಆಕಿ ತಪ್ಪಿಲ್ಲ" ಅಪ್ಪ ಕೈ ಮುಗಿದ. "ತಪ್ಪು ನಂದು. ಕ್ಯಾಮೆರಾ ನಾನೇ ಬರಾಬರ್ ಇಡಲಿಲ್ಲ. ಕ್ಯಾಮೆರಾ ತಂದೀನಿ, ಈಗ ಇನ್ನೊಂದು ತೆಗಿತೀನ್ರಿ."

ಬಸವಕಲ್ಯಾಣದಲ್ಲಿ ಅಪ್ಪನ ಕೈ ತಪ್ಪಿತು ಎಂದು ಯಾರೂ ಅಂದದ್ದು ನಾನು ಕೇಳಿರಲಿಲ್ಲ. ಈಗ ಅವನೇ ಹತ್ತು ಜನರ ಮುಂದೆ ಅಂದುಕೊಂಡ. ನಾನು ಗೋಡೆಗೆ ಆತು ಕುಳಿತಿದ್ದೆ. ನನ್ನ ಬಾಯಲ್ಲಿ ಅಕ್ಕ ಕೊಟ್ಟ ಶೇಂಗಾ ಹೋಳಿಗೆ ಇತ್ತು. ಅದನ್ನು ನುಂಗಿ "ನಾನು ಮಾಡಿದ್ದು" ಎಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ಬಸವಾ ಎನ್ನುವಷ್ಟು ಹೊತ್ತಿನ ಕೆಲಸ. ನಾನು ಅಗಿಯುತ್ತಲೇ ಇದ್ದೆ.

"ಇನ್ನೊಂದು ನಕೊ" ಎಂದಳು ಅತ್ತೆ. "ಒಮ್ಮೆ ಹಿಂಗಾದ ಮ್ಯಾಲ ಮತ್ತ ಜಲ್ದಿ ತೆಗೀಬಾರ್ದು. ಕೂಸು ಹುಟ್ಟಲಿ, ಆವಾಗ ನೋಡೂಣು. ಇದನ್ನ ನೀವೇ ಒಯ್ರಿ. ನಮ್ಮ ಗ್ವಾಡಿಗಿ ಬ್ಯಾಡ."

ಅಪ್ಪ ಫೋಟೊವನ್ನು ಮತ್ತೆ ಚೀಲದಲ್ಲಿಟ್ಟುಕೊಂಡ. ನಾವು ಹೊರಡುವಾಗ ಅಕ್ಕ ಬಾಗಿಲ ತನಕ ಬಂದು ನನ್ನ ತಲೆ ಸವರಿದಳು. ಅವಳ ಕೈಗೆ ನಮ್ಮ ಮನೆಯ ವಾಸನೆ ಇರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ಹೊರಗೆ ಒದ್ದೆ ಹೊಲಗಳು ಓಡುತ್ತಿದ್ದವು. ಅಪ್ಪ ಬಹಳ ಹೊತ್ತು ಕಿಟಕಿಯಿಂದ ನೋಡುತ್ತಿದ್ದ. ಆಮೇಲೆ, ನನ್ನ ಕಡೆ ತಿರುಗದೆ, "ನೆಗೆಟಿವ್ ಮಾತ್ರ ಛಲೋ ಬಂದದ ನೋಡು" ಅಂದ.

ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೆ.

"ನಂಗೇನರ ಹೇಳೂದದ ಏನಪ್ಪಾ?"

"ಏನಿಲ್ಲ" ಅಂದೆ.

ಅಪ್ಪ ತಲೆಯಾಡಿಸಿದ. ಊರು ಬರುವ ತನಕ ಮತ್ತೆ ಮಾತಾಡಲಿಲ್ಲ. ಅಷ್ಟೇ ಅಲ್ಲ, ಮಕ್ಕಳೇ, ಆ ವಿಷಯ ಅವನು ಸಾಯುವ ತನಕ ಮತ್ತೆ ತೆಗೆಯಲಿಲ್ಲ. ಅಕ್ಕನಿಗೆ ಮಗ ಹುಟ್ಟಿದಾಗ ಅವಳ ಫೋಟೊ ತೆಗೆದ, ಚೆನ್ನಾಗಿಯೇ ಬಂತು. ನಾನು ಮೆಟ್ರಿಕ್ ಮುಗಿಸಿ ಸ್ಟುಡಿಯೊದಲ್ಲೇ ಕುಳಿತೆ. ಅವನು ನನಗೆ ಎಲ್ಲವನ್ನೂ ಕಲಿಸಿದ. ಒಂದೇ ಮನೆಯಲ್ಲಿ, ಒಂದೇ ಕೆಂಪು ದೀಪದ ಕೆಳಗೆ ಇಬ್ಬರೂ ಅಷ್ಟು ವರ್ಷ ಕೆಲಸ ಮಾಡಿದೆವು. ಮಾಡುತ್ತ ಮಾಡುತ್ತ ನಾನು ಒಂಟಿಯಾಗಿದ್ದೆ. ಹೇಳದೆ ಉಳಿದ ಮಾತು ಪಕ್ಕದಲ್ಲಿ ನಿಂತವನನ್ನೂ ದೂರ ಮಾಡುತ್ತದೆ.

ಎಂಬತ್ತರ ದಶಕದಲ್ಲಿ ಅಪ್ಪ ಹೋದ. ಗೋಡೆಗೆ ಹಾಕಲು ಅವನದೊಂದು ಫೋಟೊ ಬೇಕಾಯಿತು. ಹುಡುಕಿದರೆ ಅವನ ಮುಖ ಇದ್ದದ್ದು ಇಡೀ ಜಗತ್ತಿನಲ್ಲಿ ಒಂದೇ ಕಡೆ. ನಾನು ಅಷ್ಟು ವರ್ಷ ಮುಟ್ಟದೆ ಇದ್ದ ಆ ನೆಗೆಟಿವ್ ಅನ್ನು ಡಬ್ಬಿಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಿಡಿದವನು ಅಲ್ಲೇ ಕುಳಿತುಬಿಟ್ಟೆ.

ಕೊಡದ ಮಾತು ನೆನಪಿದೆಯಲ್ಲವೇ? ಇಪ್ಪತ್ತೈದರಲ್ಲಿ ಅಕ್ಕ ಅಲುಗಿದ್ದರೆ ಅವಳ ಮುಖ ಸ್ವಲ್ಪ ಮಸುಕಾಗುತ್ತಿತ್ತೇ ಹೊರತು ಹೊಗೆಯಾಗುತ್ತಿರಲಿಲ್ಲ. ಅಪ್ಪ ತಪ್ಪಿ ಕಣ್ಣನ್ನು ತುಂಬ ಹೊತ್ತು ತೆರೆದಿಟ್ಟಿದ್ದರೆ, ತೂತು ಅವನಿಟ್ಟ ಅಳತೆಯಲ್ಲೇ ಇರುತ್ತಿತ್ತು. ಕೊಡ ತುಂಬಿ ಚೆಲ್ಲುತ್ತಿತ್ತು, ನೆಗೆಟಿವ್ ಸುಟ್ಟು ಕರ್ರಗಾಗುತ್ತಿತ್ತು. ಅದು ಸುಟ್ಟಿರಲಿಲ್ಲ. ಕಪ್ಪು ಎಲ್ಲಿರಬೇಕೋ ಅಲ್ಲಿತ್ತು, ಬಿಳುಪು ಎಲ್ಲಿರಬೇಕೋ ಅಲ್ಲಿತ್ತು. ಅಂದರೆ ಎರಡೂ ಉಂಗುರಗಳನ್ನು ಯಾರೋ ತಿಳಿದೇ ತಿರುಗಿಸಿದ್ದರು. ಆ ಮನೆಯಲ್ಲಿ ಆ ವಿದ್ಯೆ ಗೊತ್ತಿದ್ದ ಕೈಗಳು ಎರಡೇ ಜೊತೆ. ಅಪ್ಪನದು, ಮತ್ತು ಅಪ್ಪ ಕಲಿಸಿದ್ದು.

ಅವನಿಗೆ ಮೊದಲ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೇ ಬೀಗರ ಮನೆಯಲ್ಲಿ ಕೈ ಮುಗಿದಿದ್ದ. ಗೊತ್ತಿದ್ದೇ ಬಸ್ಸಿನಲ್ಲಿ ನೆಗೆಟಿವ್ ಛಲೋ ಬಂದದ ಎಂದಿದ್ದ, ನಾನೇ ಬಾಯಿ ಬಿಡಲಿ ಎಂದು. ನಾನು ಏನಿಲ್ಲ ಎಂದಿದ್ದೆ.

ಅಪ್ಪನ ಮುಖವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ಅಕ್ಕನ ಮನೆಗೆ ಒಯ್ದೆ. ಅವಳ ತಲೆಯಲ್ಲಿ ಆಗ ಬಿಳಿ ಕೂದಲು ಬಂದಿದ್ದವು. ಅತ್ತೆ ತೀರಿಕೊಂಡಿದ್ದಳು. ಅಕ್ಕ ಫೋಟೊವನ್ನು ಸೆರಗಿನಿಂದ ಒರೆಸಿ ಗೋಡೆಗೆ ಆನಿಸಿಟ್ಟಳು. ಅಪ್ಪನ ಮುಂದೆಯೇ ಹೇಳಿದಂತಾಗಲಿ ಎಂದು ನಾನು ಬಾಯಿ ತೆರೆದೆ.

"ಅಕ್ಕಾ, ಆವತ್ತು ಫೋಟೊ ಕೆಟ್ಟಿದ್ದು ನಿನ್ನಿಂದಲ್ಲ. ನಾನು..."

"ನಂಗೊತ್ತದ ಬಿಡೊ."

"ಹ್ಯಾಂಗ?"

"ನಾ ಬೆಳದಿದ್ದು ಎಲ್ಲಿ? ಇಪ್ಪತ್ತೈದರ ಸಪ್ಪಳ ನಂಗ ಗೊತ್ತಿಲ್ಲೇನು? ತೆರದ ಸಪ್ಪಳ ಬಂತು, ಮುಚ್ಚಿದ್ದು ಬರಲಿಲ್ಲ. ಇವಗೇನಾತು, ಅಳಾಕತ್ತಾನೇನೋ ಅಂತ ತಿರುಗಿ ನೋಡಿದೆ."

"ಅಪ್ಪಗೂ ಕೇಳಿಸಿತ್ತಾ?"

"ಕೇಳಸದ ಇರ್ತದೇನು? ಖರೆ, ಆಂವ ಫೋಟೊದಂವ, ಅಲುಗಲಿಲ್ಲ." ಅಕ್ಕ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ನಾ ನಿನ್ನಕ್ಕ."

ನೀವು ಹುಮನಾಬಾದಿನ ಅಜ್ಜಿ ಎಂದು ಕರೆಯುತ್ತಿದ್ದವಳೇ ಅವಳು. ಈಗ ಅವಳೂ ಇಲ್ಲ. ಅವಳು ನನ್ನನ್ನು ಎಂದೋ ಕ್ಷಮಿಸಿದ್ದಳು. ಅಪ್ಪನ ಹತ್ತಿರ ಮಾತ್ರ ನಾನು ಕೇಳಲೇ ಇಲ್ಲ. ಇಂದಿಗೂ ಆ ಬಸ್ಸಿನ ಸೀಟಿನಲ್ಲಿ ಅವನ ಪಕ್ಕ ಕುಳಿತಂತೆ ಅನ್ನಿಸುತ್ತದೆ, ಇಂದಿಗೂ ಮಾತು ಬಾಯಿಗೆ ಬರುವುದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಕಾಲ ಬೇರೆ. ನಿಮ್ಮ ಫೋನು ಬೆಳಕು ನೋಡಿ ತಾನೇ ವೇಗ ಆರಿಸಿಕೊಳ್ಳುತ್ತದೆ. ಕೊಡ ಎಷ್ಟು ತುಂಬಬೇಕು ಎಂದು ನೀವು ಯೋಚಿಸಬೇಕಾಗಿಲ್ಲ, ಯಾರೂ ಉಸಿರು ಹಿಡಿಯಬೇಕಾಗಿಲ್ಲ. ನಾನು ಹಲ್ಲುಜ್ಜುವಾಗಲೂ ಫೋಟೊ ತೆಗೆಯುತ್ತೀರಿ. ನಮ್ಮ ಗೋಡೆಯ ಮೇಲೆ ಅವ್ವ ಇರಲಿಲ್ಲ. ನಿಮ್ಮ ಜೇಬಿನಲ್ಲಿ ನಿಮ್ಮ ಅವ್ವ ನೂರು ಕಡೆ ನಗುತ್ತಾಳೆ. ಅದನ್ನು ನೋಡಿ ನನಗೆ ಸಂತೋಷವೇ ಆಗುತ್ತದೆ.

ಆದರೆ ಮೊನ್ನೆ ಹಬ್ಬದ ದಿನ ನೀವೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿರಿ. ನಿಮ್ಮಲ್ಲಿ ಒಬ್ಬಳು ಅಲುಗಿದಳು, ಮುಖ ಮಸುಕಾಯಿತು. "ಥೂ, ಹಾಳು ಮಾಡಿದಳು" ಎಂದು ಅಳಿಸಿ ಇನ್ನೊಂದು ತೆಗೆದಿರಿ. ನಾನು ಬಾಗಿಲಲ್ಲಿ ಕುಳಿತು ನೋಡುತ್ತಿದ್ದೆ. ಅವಳ ಹಿಂದೆ ನಿಂತಿದ್ದ ಅವಳ ತಮ್ಮ ಎಡವಿದ್ದ. ಮುಂದಿನ ಸಲ ಅಳಿಸುವ ಮುಂಚೆ ಒಂದು ಬಸವಾ ಎನ್ನುವಷ್ಟು ಹೊತ್ತು ನೋಡಿ, ಮಕ್ಕಳೇ. ಅಲುಗಿದವಳು ಯಾರ ಕಡೆಗೆ ತಿರುಗಿದ್ದಳು ಎಂದು.